ಹಿಂದೆಯೂ ಇರಲಿಲ್ಲ

12 ಜೂನ್ 2025, ಗುರುವಾರ

ತಂಗಿ ಮೈಲಾರವ್ವಾ,

ನೀನು ಹೇಗಿದ್ದೀ? ನಿಮ್ಮ ಮನೆಯವರ ಮೊಣಕಾಲು ಈ ಮಳೆಯ ತಂಪಿಗೆ ಮತ್ತೆ ಹಿಡಿಯಿತೇನು? ಮಗ ಕೃಷ್ಣಾನ ಬೆನ್ನು ನೆಟ್ಟಗಾಯಿತೋ, ಇನ್ನೂ ಪಟ್ಟಿ ಕಟ್ಟಿಕೊಂಡೇ ಟ್ರ್ಯಾಕ್ಟರ್ ಹತ್ತುತ್ತಾನೋ? ಸೊಸೆ ಸುನೀತಾಗೆ ರಕ್ತ ಕಡಿಮೆ ಎಂದಿದ್ದರಲ್ಲ, ಗುಳಿಗೆ ನುಂಗುತ್ತಾಳೋ ಇಲ್ಲ ಗೋಡೆಯ ಮಾಡದಲ್ಲಿ ಬಚ್ಚಿಡುತ್ತಾಳೋ? ಮೊಮ್ಮಗಳು ಸುಮಂಗಲಾಳ ಕೆಮ್ಮು ನಿಂತಿತೇ? ಎಲ್ಲಕ್ಕೂ ಮೊದಲು ನಿನ್ನ ಕಣ್ಣು. ಪೊರೆ ತೆಗೆಸುತ್ತೇನೆ ಎಂದು ಹೋದ ವರ್ಷದಿಂದ ಹೇಳುತ್ತಿದ್ದೀ, ಇನ್ನೂ ತೆಗೆಸಿಲ್ಲ.

ಇಷ್ಟೆಲ್ಲ ಕೇಳುತ್ತಿದ್ದೇನೆ, ಆದರೆ ಇದು ನಿನಗೆ ಮುಟ್ಟುವ ಕಾಗದವಲ್ಲ. ಫೋನ್ ಮಾಡಿದರೆ ಕೃಷ್ಣಾ ಸ್ಪೀಕರ್ ಹಚ್ಚಿ ಪಡಸಾಲೆಯಲ್ಲಿ ಇಟ್ಟುಬಿಡುತ್ತಾನೆ, ನಾನು ನಿನ್ನೊಡನೆ ಅಲ್ಲ, ಇಡೀ ಮನೆಯೊಡನೆ ಮಾತಾಡಿದಂತೆ. ಪೋಸ್ಟಿಗೆ ಹಾಕಿದರೆ ನಿನ್ನ ಕಣ್ಣಿಗೆ ಅಕ್ಷರ ಕಾಣುವುದಿಲ್ಲ, ಸುಮಂಗಲಾ ಕನ್ನಡ ಪಾಠ ಓದಿದ ಹಾಗೆ ಗಟ್ಟಿಯಾಗಿ ಓದುತ್ತಾಳೆ. ಅದಕ್ಕೇ ಸೊಸೈಟಿಯವರು ಕೊಟ್ಟ ಈ ಡೈರಿಯಲ್ಲಿ, ನನ್ನಷ್ಟಕ್ಕೆ ನಾನೇ, ನಿನ್ನ ಹೆಸರು ಹಿಡಿದು ಬರೆಯುತ್ತೇನೆ. ಸಾಲೆಯ ಮೆಟ್ಟಿಲು ಹತ್ತದೆ, ಕುರಿ ಹೊಡೆದುಕೊಂಡು ಹೋಗುವಾಗ ರಸ್ತೆಯ ಬಾಜು ಕಲ್ಲುಗಳ ಮೇಲಿನ ಊರ ಹೆಸರು ಓದಿ ಕಲಿತ ಅಕ್ಷರ ಇದು. ನಿನಗೆ ಕಲಿಸಿದವನೂ ನಾನೇ. ಬರೆದರೆ ನಿನಗೆ ಹೇಳಿದ ಹಾಗೆ ಅನಿಸುತ್ತದೆ.

ವಿಷಯ ಸವಿತಾಳದು. ತಮ್ಮ ತೀರಿಹೋದ ಮೇಲೆ ಅವನ ಮಗಳಿಗೆ ನಾನೇ ಅಪ್ಪ, ನೀನು ಒಬ್ಬಳೇ ಅತ್ತೆ. ಅವಳ ಗಂಡ ಸಿದ್ಧಾರೂಢ ಚಳಿಗಾಲದಲ್ಲಿ ಹೃದಯ ನಿಂತು ಹೋದದ್ದು ನಿನಗೆ ಗೊತ್ತು. ಸರ್ಕಾರಿ ಜೀಪಿನ ಡ್ರೈವರನಾಗಿದ್ದವನು. ಅವನ ಜಾಗದಲ್ಲಿ ಹೆಂಡತಿಗೆ ಏನಾದರೂ ಕೆಲಸ ಕೊಡುತ್ತಾರೆ ಎಂದು ಅರ್ಜಿ ಹಾಕಿದ್ದಳು. ಈಗ ಸಿದ್ಧಾರೂಢನ ತಮ್ಮ ತಕರಾರು ತೆಗೆದಿದ್ದಾನೆ. ಸವಿತಾಳಿಗೆ ಮೊದಲು ಒಂದು ಮದುವೆಯಾಗಿತ್ತು, ಆ ಗಂಡ ಇನ್ನೂ ಬದುಕಿದ್ದಾನೆ, ಕೋರ್ಟಿನಿಂದ ಬಿಡುಗಡೆ ಆಗಿಲ್ಲ, ಆದ್ದರಿಂದ ನಮ್ಮಣ್ಣನಿಗೆ ಈಕೆ ಹೆಂಡತಿಯೇ ಅಲ್ಲ ಎಂದು. ಮನೆಗೂ ಬೀಗ ಹಾಕಿದ್ದಾನೆ. ಸವಿತಾ ಮಗಳ ಕೈಹಿಡಿದುಕೊಂಡು ನನ್ನ ಮನೆಗೆ ಬಂದಿದ್ದಾಳೆ.

ಅವಳಿಗೆ ಸೋಡಚೀಟಿ ಆಗಿತ್ತಲ್ಲ! ಎರಡೂ ಕಡೆ ಹಿರಿಯರು ಕೂತು, ತಾಳಿ ತಿರುಗಿ ಕೊಟ್ಟು, ಬಿಟ್ಟೆನೆಂದು ಬರೆಸಿಕೊಂಡು, ಆಮೇಲೆಯೇ ಸಿದ್ಧಾರೂಢನ ಜೊತೆ ಉಡಿಕಿ ಮಾಡಿ ಎರಡನೆಯ ಸಂಸಾರಕ್ಕೆ ಕೊಟ್ಟದ್ದು. ಮೇಲುಗಡೆ ಕೂತವನು ನಾನೇ. ಒಂದೇ ಬೈಠಕ್ಕಿನಲ್ಲಿ ಮುಗಿಸಿದ್ದೆ. ನಾನು ಹೇಳಿದ ಮೇಲೆ ಮತ್ತೆ ಎತ್ತಿದವರು ಈ ಸೀಮೆಯಲ್ಲಿ ಯಾರಿದ್ದಾರೆ?

ನಿನ್ನ ಮೊದಲಿನ ಮದುವೆಯನ್ನೂ ಹಾಗೆಯೇ ಬಿಡಿಸಿದ್ದೆವು. ಆಗ ಅಪ್ಪ ಇದ್ದ, ನಾನು ಅವನ ಬಾಜು ಕೂತಿದ್ದೆ. ಆ ಮಾತು ನಿಮ್ಮೂರು ತಂಬೂರಿನಲ್ಲಿ ನಿನ್ನ ಗಂಡನಿಗೆ ಬಿಟ್ಟು ಮತ್ತೊಬ್ಬರಿಗೆ ಗೊತ್ತಿಲ್ಲ. ನಿನ್ನ ಮಕ್ಕಳಿಗೂ ಗೊತ್ತಿಲ್ಲ. ನನ್ನ ಬಾಯಿಂದಂತೂ ಗೊತ್ತಾಗುವುದಿಲ್ಲ. ಅದನ್ನು ನಾನು ಎಂದೋ ಮಣ್ಣು ಮಾಡಿದ್ದೇನೆ.

ಕುಂದಗೋಳದಲ್ಲಿ ಮಡಿವಾಳೆಪ್ಪ ವಕೀಲರ ಕಡೆ ಕೇಸು ಹಾಕಿಸಿದ್ದೇನೆ, ಸವಿತಾ ಸಿದ್ಧಾರೂಢನ ಹೆಂಡತಿ ಎಂದು ಕೋರ್ಟು ಹೇಳಬೇಕು ಎಂದು. ಹೇಳುತ್ತದೆ. ನಾನು ಹೋಗಿ ಎರಡು ಮಾತು ಆಡಿದರೆ ಮುಗಿಯಿತು.


3 ಜುಲೈ, ಗುರುವಾರ

ಇವತ್ತು ಪೊಲೀಸರು ಊರಿಗೆ ಬಂದಿದ್ದರು. ಹೆದರಬೇಡ, ಸವಿತಾಳ ವಿಷಯಕ್ಕಲ್ಲ. ಬೇರೆ ಯಾವುದೋ ತಾಲೂಕಿನಲ್ಲಿ ಜಾತಿಯ ಹಿರಿಯರು ಕೂಡಿ ಒಂದು ಕುಟುಂಬಕ್ಕೆ ಬಹಿಷ್ಕಾರ ಹಾಕಿ, ಅದು ಟಿವಿಯಲ್ಲಿ ಬಂದು ಗದ್ದಲ ಆಗಿದೆಯಂತೆ. ಇನ್ನು ಹೀಗೆ ಮಾಡಿದರೆ ಒಳಗೆ ಹಾಕುತ್ತೇವೆ ಎಂದು ಊರೂರು ತಿರುಗಿ ಸಭೆ ಮಾಡುತ್ತಿದ್ದಾರೆ.

ಪಂಚಾಯ್ತಿ ಕಟ್ಟಡದಲ್ಲಿ ಕುರ್ಚಿ ಹಾಕಿಸಿ ನಮ್ಮನ್ನೆಲ್ಲ ಕೂಡ್ರಿಸಿದರು. ಸಾಹೇಬರು ಹರೆಯದವರು, ಮಾತು ಮೆತ್ತಗೆ.

"ಹಿರೇರ, ನಿಮ್ಮೂರಾಗ ಜಾತಿ ಪಂಚಾಯ್ತಿ ಅದ ಏನ್ರಿ?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಎದ್ದು ನಿಂತು ಹೇಳಿದೆ, "ಇಲ್ರಿ ಸಾಹೇಬ್ರ. ಯಾರನ್ನರ ಊರ ಹೊರಗ ಹಾಕೂ ಮಂದಿ ಅಲ್ರಿ ನಾವು."

"ಹಂಗಾದ್ರ ಒಂದು ಮುಚ್ಚಳಿಕಿ ಬರದು ಎಲ್ಲಾರೂ ಸಹಿ ಮಾಡ್ರಿ."

ಹವಾಲ್ದಾರ ಬರೆಯಲು ಶುರು ಮಾಡಿದ. ಕೋಳಿ ಕೆದರಿದ ಅಕ್ಷರ. ನಮ್ಮ ಮಂದಿಯೇ, "ಹೊಳೆಯಪ್ಪ ಕಾಕಾನ ಕೈಯಾಗ ಕೊಡ್ರಿ, ಛಾಪಿಸಿದಂಗ ಬರೀತಾನ" ಎಂದರು. ನಾನು ಬರೆದೆ. ಮುಂದೆ ಎಂದೂ ಜಾತಿ ಪಂಚಾಯ್ತಿ ಮಾಡುವುದಿಲ್ಲ ಎಂದು ಹವಾಲ್ದಾರ ಹೇಳಿದ. ಅಷ್ಟೇ ಬರೆದರೆ ಹಿಂದೆ ಮಾಡುತ್ತಿದ್ದರು ಎಂದು ಓದಿದವರು ತಿಳಿಯುವುದಿಲ್ಲವೇ? ಊರಿನ ಮಾನದ ಪ್ರಶ್ನೆ. ಅದಕ್ಕೇ ನಾನೇ ಒಂದು ಮಾತು ಸೇರಿಸಿದೆ: "ನಮ್ಮ ಊರಿನಲ್ಲಿ ಜಾತಿಯ ಹಿರಿಯರು ಕೂಡಿ ನ್ಯಾಯ ಮಾಡುವ ಪದ್ಧತಿ ಈಗ ಇಲ್ಲ, ಹಿಂದೆಯೂ ಇರಲಿಲ್ಲ, ಮುಂದೆಯೂ ಇರುವುದಿಲ್ಲ." ಓದಿ ಹೇಳಿದಾಗ ಸಾಹೇಬರು ತಲೆದೂಗಿದರು. "ಭಾಳ ಛಂದ ಬರದೀರಿ ಅಜ್ಜಾರ" ಎಂದರು.

ಸಹಿ ಮಾಡುವಾಗ ಫೋಟೋ ಹೊಡೆದರು. ಮೊಬೈಲಿನಲ್ಲಿ ಊರಿನ ಗ್ರೂಪಿಗೂ ಬಂದಿದೆ. ಸವಿತಾಳ ಮಗಳು ತೋರಿಸಿದಳು. ರುಮಾಲು ಸ್ವಲ್ಪ ವಾರೆಯಾಗಿದೆ, ಉಳಿದದ್ದು ಚೆನ್ನಾಗಿ ಬಂದಿದೆ.


21 ಜುಲೈ, ಸೋಮವಾರ

ನಮ್ಮೂರ ಯುನೂಸನ ಟಂಟಂ ಗಾಡಿಯಲ್ಲಿ ಕುಂದಗೋಳಕ್ಕೆ ಹೋಗಿದ್ದೆವು, ನಾನು, ಸವಿತಾ. ಮಡಿವಾಳೆಪ್ಪ ವಕೀಲರಿಗೂ ವಯಸ್ಸಾಯಿತು. ಮೊದಲು ಅವರ ಮೇಜಿನ ಮೇಲೆ ಕೆಂಪು ದಾರ ಕಟ್ಟಿದ ಕಾಗದದ ಗಂಟುಗಳು ಇರುತ್ತಿದ್ದವು. ಈಗ ಎಲ್ಲ ಕಂಪ್ಯೂಟರಿನಲ್ಲೇ ಕೋರ್ಟಿಗೆ ಕಳಿಸಬೇಕಂತೆ. ಪಕ್ಕದ ಸೈಬರ್ ಅಂಗಡಿಯ ಹುಡುಗಿ ಮಾಡಿಕೊಡುತ್ತಾಳೆ, ಇವರು ಬಾಜು ನಿಂತು ನೋಡುತ್ತಾರೆ. "ನಾ ಕಲತ ಕಾಯ್ದೆಗಳ ಹೆಸರೂ ಬದಲಾದ್ವು, ನಂಬರೂ ಬದಲಾದ್ವು ಹೊಳೆಯಪ್ಪಾರ. ನನ್ನ ಮನಿಗೆ ನಾನ ಬೀಗನಾಗಿ ಬಂದಂಗ ಆಗೇದ" ಎಂದು ನಕ್ಕರು.

ಆಮೇಲೆ ನಗಲಿಲ್ಲ.

"ಸೋಡಚೀಟಿಗೆ ಕಾಯ್ದೆದಾಗ ಜಾಗಾ ಅದ. ನಿಮ್ಮ ಸಮಾಜದ ರೂಢಿ ಅಂತ ಸಾಬೀತಾದ್ರ ಕೋರ್ಟು ಒಪ್ಪತದ. ಆದ್ರ ರೂಢಿ ಅಂದ್ರ ಬಾಯಿಮಾತಲ್ಲ. ಹಿಂದಿಂದ ನಡಕೋತ ಬಂದದ, ತಪ್ಪದ ನಡದದ ಅಂತ ತೋರಸಬೇಕು. ಸೋಡಚೀಟಿ ಆದ ಮತ್ತೊಬ್ಬರು ಬಂದು ಹೇಳಬೇಕು."

"ನಾ ಹೇಳ್ತೀನಲ್ರಿ?"

"ನೀವು ಕೊಡಿಸಿದವರು. ತಗೊಂಡವರು ಬೇಕು. ಮೊದಲಿನ ಜಡ್ಜರು ಈ ಸೀಮಿಯವರು ಇರ್ತಿದ್ರು, ಸೋಡಚೀಟಿ ಅಂದ್ರ ಮುಂದ ಕೇಳತಿದ್ದಿಲ್ಲ. ಈಗಿನವರು ಮೈಸೂರು ಕಡೆಯವರು. ಶಾಣ್ಯಾರು, ಆದ್ರ ಆ ಶಬ್ದನ ಅವರು ಕೇಳಿಲ್ಲ."

ಸವಿತಾ ಕೇಳಿದಳು, "ಸೋತರ ಏನಾಗತದ್ರಿ ವಕೀಲರ?"

"ಮಗಳಿಗೆ ಏನೂ ಆಗೂದಿಲ್ಲವ್ವಾ. ಆಕಿ ಅಪ್ಪನ ಮಗಳು ಅಂತ ಕಾಯ್ದೆ ಕಾಯತದ. ನಿನಗ..." ಎಂದು ಅವರು ಕನ್ನಡಕ ತೆಗೆದು ಒರೆಸತೊಡಗಿದರು.

"ನೌಕರಿ ಹೋದ್ರ ಹೋಗ್ಲಿ, ಕೂಲಿ ಮಾಡ್ತೀನಿ" ಎಂದಳು ಸವಿತಾ. "ಆದ್ರ ಇಷ್ಟ ವರ್ಷ ನಾ ಯಾರ ಮನ್ಯಾಗ ಇದ್ದೆ ಅಂತ ತಿಳೀಬೇಕಲ್ರಿ. ಅವನಿಗೆ ಅಡಗಿ ಮಾಡಿ ಹಾಕಿದೆ, ದವಾಖಾನ್ಯಾಗ ತೊಡಿಮ್ಯಾಲ ತಲಿ ಇಟಗೊಂಡ ಪ್ರಾಣ ಬಿಟ್ಟ. ಈಗ ಹೆಂಡತಿ ಅಲ್ಲಂದ್ರ, ನಾ ಏನು?"

ವಕೀಲರು ನನ್ನ ಕಡೆ ತಿರುಗಿದರು. "ನಿಮ್ಮ ಮನಿತನದಾಗ ಸೋಡಚೀಟಿ ಆದ ಹೆಣ್ಣುಮಕ್ಕಳು ಯಾರರ ಇದ್ದಾರೇನು? ಹಳೇದಾದಷ್ಟು ಒಳ್ಳೇದು."

"ಇಲ್ರಿ" ಎಂದೆ.


22 ಜುಲೈ

ಸುಳ್ಳು ಹೇಳಿದ್ದಲ್ಲ. ನಿನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೇ.


11 ಆಗಸ್ಟ್, ಸೋಮವಾರ

ಒಂದೇ ಸವನೆ ಮಳೆ. ಹೆಸರುಕಾಳು ಗಿಡದಲ್ಲೇ ಮೊಳಕೆ ಒಡೆಯುತ್ತಿದೆ. ಹೊಲಕ್ಕೆ ಕಾಲಿಡಲು ಆಗುವುದಿಲ್ಲ, ಆದ್ದರಿಂದ ಮಂದಿ ಮನೆಯಲ್ಲೇ ಸಿಗುತ್ತಾರೆ ಎಂದು ಹದಿನೈದು ದಿನದಿಂದ ತಿರುಗುತ್ತಿದ್ದೇನೆ.

ನಾನೇ ಬಿಡಿಸಿದ, ನಾನೇ ಕೂಡಿಸಿದ ಸಂಸಾರಗಳು. ಸಂಶಿಯಲ್ಲಿ ಒಬ್ಬಾಕೆ ಇದ್ದಾಳೆ, ಉಡಿಕಿಯಾಗಿ ಹೋದವಳು, ಈಗ ಕಿರಾಣಿ ಅಂಗಡಿ ಇಟ್ಟಿದ್ದಾಳೆ. ನನ್ನನ್ನು ಕಂಡು ಗಿರಾಕಿಗಳನ್ನು ಬಿಟ್ಟು ಎದ್ದು ಬಂದಳು. ಕುರ್ಚಿ ಹಾಕಿದಳು, ಅವಲಕ್ಕಿ ಕೊಟ್ಟಳು. ವಿಷಯ ತೆಗೆದ ಕೂಡಲೇ ತಾಟನ್ನು ಇನ್ನೂ ಮುಂದೆ ಸರಿಸಿ, "ಕಾಕಾ, ತಿನ್ರಿ, ಇನ್ನಷ್ಟು ಹಾಕ್ಲಿ? ಆ ಮಾತೊಂದು ಬ್ಯಾಡ. ಮಗಳನ್ನ ನೋಡಾಕ ಐತವಾರ ಗಂಡಿನವರು ಬರಾಕತ್ತಾರ" ಎಂದಳು. ಅವಲಕ್ಕಿ ಬಿಟ್ಟು ಏಳಲೂ ಆಗಲಿಲ್ಲ, ತಿನ್ನಲೂ ಆಗಲಿಲ್ಲ.

ಇನ್ನೊಂದು ಮನೆಯಲ್ಲಿ ಗಂಡನೇ ಬಾಗಿಲಿಗೆ ಬಂದ. "ನಿಮ್ಮ ಕೇಸು ಸೋತರ ನಮ್ಮದೂ ಉಡಿಕಿ ಸುಳ್ಳಂತ ಆಗತದಲ್ಲ? ಗೆದ್ದ ಮ್ಯಾಲ ಬರ್ರಿ, ಪೇಢೆ ತಿಂತೇವಿ" ಎಂದ. ಮಾತು ಒರಟು, ಆದರೆ ತಪ್ಪೆಂದು ಹೇಗೆ ಹೇಳಲಿ?

ಸವಿತಾಳ ಮೊದಲಿನ ಗಂಡನ ಹತ್ತಿರವೂ ಹೋಗಿದ್ದೆ. ಅವನು ಈಗ ಕುಡಿಯುವುದನ್ನು ಬಿಟ್ಟಿದ್ದಾನೆ, ಹೆಂಡತಿ, ಎರಡು ಗಂಡುಮಕ್ಕಳು. ದನದ ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ ಕೈಮುಗಿದ.

"ಕಾಕಾ, ಬಿಟ್ಟದ್ದು ಖರೇ. ನನ್ನ ಕೈಲೇ ಸಹಿ ಮಾಡೇನಿ. ಆದ್ರ ಕೋರ್ಟಿಗೆ ಬಂದು ಹೇಳಿ, ಆಮ್ಯಾಲ ಅದು ನಡಿಯೂದಿಲ್ಲ ಅಂತ ಜಡ್ಜರು ಅಂದ್ರ? ಮೊದಲ್ನೇಕಿ ಇರಕಾಲಕ್ಕ ಎರಡನೇದು ಮಾಡಕೊಂಡಾನಂತ ನನ್ನ ಮ್ಯಾಲ ಕೇಸು. ನನ್ನ ಹುಡುಗರ ಗತಿ ಏನು?"

ಮೊದಲು ನಾನು ಬಂದರೆ ಇವರೆಲ್ಲ ಕಂಬಳಿ ಹಾಸುತ್ತಿದ್ದರು. ಈಗಲೂ ಹಾಸುತ್ತಾರೆ. ಕೂತ ಮೇಲೆ ಹೊರಗಿನವರಿಗೆ ಕೇಳದಂತೆ ಬಾಗಿಲು ಮುಂದೆ ಮಾಡುತ್ತಾರೆ.


16 ಸೆಪ್ಟೆಂಬರ್, ಮಂಗಳವಾರ

ಇವತ್ತು ನನ್ನ ಸಾಕ್ಷಿ ಆಯಿತು, ಮೈಲಾರವ್ವಾ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಹೊಸ ಧೋತರ ಉಟ್ಟು ಹೋಗಿದ್ದೆ. ಮಡಿವಾಳೆಪ್ಪನವರು ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳಿದೆ. ಸೋಡಚೀಟಿ ಎಂದರೇನೆಂದು ಜಡ್ಜ್ ಸಾಹೇಬರೇ ಕೇಳಿದರು. ನಾನು ವಿವರಿಸಿದೆ, ಅವರು ಲಕ್ಷ್ಯ ಕೊಟ್ಟು ಕೇಳಿ ಬರೆಸಿದರು. ಅಷ್ಟರ ಮಟ್ಟಿಗೆ ನನಗೆ ಧೈರ್ಯ ಬಂತು.

ಆ ಕಡೆಯ ವಕೀಲರು ಒಬ್ಬ ಹುಡುಗಿ, ರೋಹಿಣಿ ಎಂದು ಹೆಸರು. ಕೋರ್ಟಿಗೆ ಬಂದಿರಲೇ ಇಲ್ಲ. ಗೋಡೆಯ ಮೇಲೆ ಟಿವಿಯಂಥದ್ದು ಹಚ್ಚಿದ್ದಾರೆ, ಹುಬ್ಬಳ್ಳಿಯಲ್ಲಿ ಕೂತು ಅದರೊಳಗಿಂದ ಮಾತಾಡಿದಳು.

"ಅಜ್ಜಾರ, ನಾ ಕಾಣಸ್ತೀನೇನ್ರಿ?"

"ಕಾಣಸ್ತೀಯವ್ವಾ, ಗ್ವಾಡಿ ಮ್ಯಾಲ."

ಮಂದಿ ನಕ್ಕರು, ಅವಳೂ ನಕ್ಕಳು. ನಮ್ಮ ಸೀಮೆಯ ಮಾತು, ಮುಖದಲ್ಲಿ ಕೆಟ್ಟತನ ಇಲ್ಲ. ಅದಕ್ಕೇ ನಾನು ಮೈಮರೆತೆ ಅನಿಸುತ್ತದೆ.

"ಈ ಸೋಡಚೀಟಿ ಯಾರು ಕೊಡಸ್ತಾರ್ರಿ?"

"ನಮ್ಮ ಸಮಾಜದ ಹಿರೇರು ಕೂಡ್ತೀವಿ."

"ಕೂಡಿ ನ್ಯಾಯ ಮಾಡ್ತೀರಿ?"

"ಹೌದ್ರಿ."

"ಮೊದಲಿಂದಾನೂ?"

"ನಮ್ಮಪ್ಪ, ಅವರಪ್ಪನ ಕಾಲದಿಂದ."

ಆಗ ಗೋಡೆಯ ಮೇಲಿಂದ ಅವಳ ಮುಖ ಹೋಗಿ ಒಂದು ಕಾಗದ ಬಂತು. ಬಾಗಿಲಷ್ಟು ದೊಡ್ಡದು. ಅಕ್ಷರ ಛಾಪಿಸಿದ ಹಾಗಿತ್ತು. ಠಾಣೆಯಿಂದ ನಕಲು ತೆಗೆಸಿದ್ದಾರಂತೆ.

"ಈ ಅಕ್ಷರ ಯಾರದ್ರಿ?"

"ನಂದ."

"ಸ್ವಲ್ಪ ಓದ್ರಿ, ಎಲ್ಲಾರಿಗೂ ಕೇಳೂಹಂಗ."

ಓದಿದೆ. ಈಗ ಇಲ್ಲ ಎಂದು ಓದಿದೆ. ಅಲ್ಲಿಗೆ ನಿಲ್ಲಿಸಿದೆ. ಜಡ್ಜ್ ಸಾಹೇಬರು, "ಪೂರ್ತಿ ಓದಿ" ಎಂದರು. ಹಿಂದೆಯೂ ಇರಲಿಲ್ಲ ಎಂದು ಓದಿದೆ.

"ಸಾಹೇಬ್ರ ಮುಂದ ಈಗ ಹೇಳಿದ್ದು ಖರೇನೋ, ಜುಲೈದಾಗ ನಿಮ್ಮ ಕೈಲೇ ಬರದದ್ದು ಖರೇನೋ?"

"ಎರಡೂ ಖರೇ ರಿ" ಎಂದೆ.

ಮಂದಿ ಮತ್ತೆ ನಕ್ಕರು. ಜಡ್ಜ್ ಸಾಹೇಬರು ನಗಲಿಲ್ಲ. "ಹಾಗೆ ದಾಖಲಿಸಲು ಬರುವುದಿಲ್ಲ, ಹಿರಿಯರೇ. ಒಂದನ್ನು ಹೇಳಿ" ಎಂದರು. ಪೊಲೀಸರಿಗೆ ಬರೆದುಕೊಟ್ಟದ್ದು ಸುಳ್ಳೆಂದರೆ ಊರ ಹಿರಿಯರೆಲ್ಲ ಠಾಣೆಗೆ. ಇಲ್ಲಿ ಹೇಳಿದ್ದು ಸುಳ್ಳೆಂದರೆ ಸವಿತಾ ಬೀದಿಗೆ. ಬಹಿಷ್ಕಾರ ಹಾಕುವ ಪಂಚಾಯ್ತಿ ಇಲ್ಲ ಎಂದು ಬರೆದದ್ದು, ಇದು ಬೇರೆ, ಅದು ಬೇರೆ ಎಂದು ಹೇಳಲು ಹೋದೆ. ಆದರೆ ಕಾಗದದಲ್ಲಿ ಹಾಗಿಲ್ಲವಲ್ಲ. "ಕೂಡಿ ನ್ಯಾಯ ಮಾಡುವ ಪದ್ಧತಿ" ಎಂದು ನಾನೇ ಛಂದ ಮಾಡಿ ಬರೆದಿದ್ದೇನೆ.

ಕೊನೆಗೆ ಅವಳು ಇನ್ನೊಂದು ಕೇಳಿದಳು. ದನಿ ಇಳಿಸಿ ಕೇಳಿದಳು.

"ಸವಿತಾ ಅವರನ್ನ ಅವತ್ತು ಕೇಳಿದ್ರೇನ್ರಿ, ನಿನಗೇನು ಬೇಕವ್ವಾ ಅಂತ?"

"ಹೆಣ್ಣುಮಕ್ಕಳು ಒಳಗ ಇರ್ತಾರ್ರಿ."

"ಅಂದ್ರ ಕೇಳಲಿಲ್ಲ."

ಕೇಳಲಿಲ್ಲ ಎಂದು ಬರೆದುಕೊಂಡರು.

ಹೊರಗೆ ಮಡಿವಾಳೆಪ್ಪನವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಒಂದು ಕಾಯ್ದೆ ರೂಢಿ ಅದ ಅಂತ ತೋರಸು ಅಂತದ, ಇನ್ನೊಂದು ಇಲ್ಲಂತ ಬರದುಕೊಡು ಅಂತದ. ನಡುವ ನಿಂತವ ನೀವು" ಎಂದರು. "ಇನ್ನ ಒಂದ ದಾರಿ. ಒಬ್ಬ ಹೆಣ್ಣುಮಗಳು ಬಂದು, ನನಗ ಸೋಡಚೀಟಿ ಆಗಿತ್ತು, ಉಡಿಕಿ ಆತು, ಸಂಸಾರ ಮಾಡಿದೆ, ಮಂದಿ ಒಪ್ಪಿದ್ರು ಅಂತ ಹೇಳಿದ್ರ, ಆ ಬದುಕಿನ ಮುಂದ ನಿಮ್ಮ ಈ ಕಾಗದ ಹಗರ ಆಗತದ. ಗೆಲ್ತೀವಿ ಅಂತ ಹೇಳೂದಿಲ್ಲ. ನಿಂದರಾಕ ನೆಲ ಸಿಗತದ. ಅಕ್ಟೋಬರ್ ಹದಿನೈದು ಕಡೀ ತಾರೀಕು."

ಗಾಡಿಯಲ್ಲಿ ಯುನೂಸ್ ನನ್ನನ್ನು ನಗಿಸಲು ನೋಡಿದ. "ಕಾಕಾ, ಪೊಲೀಸರ ಮುಂದ ಇಲ್ಲಂದ್ರಿ, ಜಡ್ಜರ ಮುಂದ ಅದ ಅಂದ್ರಿ. ನನಗ ಬಾಡಿಗಿ ಕೊಡೂದು ಅದ ಏನು, ಇಲ್ಲ?" ಸವಿತಾ ನಕ್ಕಳು. ಅವಳು ನಕ್ಕದ್ದನ್ನು ನೋಡಿ ನನಗೆ ಆ ಕಡೆ ಮುಖ ತಿರುಗಿಸಬೇಕಾಯಿತು.


17 ಸೆಪ್ಟೆಂಬರ್

ಏನೂ ಬರೆಯಲಿಕ್ಕಿಲ್ಲ. ಗ್ರೂಪಿನಲ್ಲಿ ಆ ಫೋಟೋ ಇನ್ನೂ ಇದೆ.


25 ಸೆಪ್ಟೆಂಬರ್, ಗುರುವಾರ

ಕೆಳಗಿನ ಓಣಿಯವನೊಬ್ಬ ಬಂದಿದ್ದ. ಮಗಳಿಗೂ ಅಳಿಯನಿಗೂ ಹೊಂದಿಕೆ ಇಲ್ಲ, ಕಾಕಾ ನೀವು ಕೂತು ಬಿಡಿಸಿಕೊಡ್ರಿ ಎಂದ. ಇಷ್ಟೆಲ್ಲ ಆದ ಮೇಲೆಯೂ ಬರುತ್ತಾರೆ ನೋಡು. ಕೋರ್ಟಿಗೆ ಹೋಗು, ಬೇಕಾದರೆ ವಕೀಲರ ಹೆಸರು ಹೇಳುತ್ತೇನೆ ಎಂದೆ. "ಅಲ್ಲಿ ವರ್ಷಾನುಗಟ್ಲೆ ಹಿಡೀತದ್ರಿ, ನೀವಾದ್ರ ಒಂದ ಮಧ್ಯಾಹ್ನದಾಗ ಮುಗಸ್ತೀರಿ" ಎಂದ. ಅದೂ ಖರೆಯೇ.

ಸಿಟ್ಟು ಬಂತು. "ಮೊದಲ ಆ ಹುಡುಗಿನ ಕರಕೊಂಡ ಬಾ, ಆಕಿ ಏನಂತಾಳ ಕೇಳೂಣು" ಎಂದು ಗದರಿಸಿ ಕಳಿಸಿದೆ. ಯಾಕೆ ಹಾಗಂದೆನೋ. ಹಿರಿತನದ ಕೆಲಸ ಬಿಟ್ಟವನಿಗೆ ಈ ಉಸಾಬರಿ ಯಾಕೆ?

ಮಳೆ ನಿಂತಿದೆ. ಉಳ್ಳಾಗಡ್ಡಿ ಅರ್ಧ ಕೊಳೆತಿದೆ.


3 ಅಕ್ಟೋಬರ್, ಶುಕ್ರವಾರ

ನಿನ್ನೆ ದಸರೆಯ ಬನ್ನಿ ಕೊಡಲು ತಂಬೂರಿಗೆ ಬಂದಿದ್ದೆ. ನಿನಗೆ ಗೊತ್ತಿದ್ದದ್ದನ್ನೇ ಯಾಕೆ ಬರೆಯಬೇಕು? ಆದರೂ ಬರೆಯುತ್ತೇನೆ, ನಿನಗೆ ಗೊತ್ತಿಲ್ಲದ್ದೂ ಅದರಲ್ಲಿ ಇದೆ.

ನಿನ್ನನ್ನು ಕೇಳಲೆಂದೇ ಬಂದಿದ್ದೆ. ಬಸ್ಸಿನಲ್ಲಿ ಹುಬ್ಬಳ್ಳಿ ದಾಟಿ ಕಲಘಟಗಿ ಬರುವ ತನಕ ಮಾತು ಜೋಡಿಸಿಕೊಂಡೆ. ಬಾಗಿಲಲ್ಲಿ ಸುಮಂಗಲಾ ಬನ್ನಿ ಎಲೆ ಕೈಯಲ್ಲಿಟ್ಟು, "ಅಜ್ಜಾ, ಬಂಗಾರದಂಗ ಇರೂಣು" ಎಂದು ಕಾಲಿಗೆ ಬಿದ್ದಳು. ಆ ಮಗುವಿನ ಬೆನ್ನ ಮೇಲೆ ಕೈಯಿಟ್ಟಾಗಲೇ ಜೋಡಿಸಿದ ಮಾತೆಲ್ಲ ಉದುರಿಹೋಯಿತು.

ಊಟಕ್ಕೆ ಎಲ್ಲರೂ ಸುತ್ತ ಕೂತಿದ್ದಿರಿ. ಕೃಷ್ಣಾ, "ಮಾಮಾ, ಸವಿತಾಳ ಕೇಸು ಏನಾತು?" ಎಂದ. ನಾನು ನಡೆದಿದೆ ಎಂದೆ. "ಈ ಸೋಡಚೀಟಿ ಗೀಡಚೀಟಿ ಎಲ್ಲಾ ಹಳೇ ಕಾಲದ ಹುಚ್ಚಾಟ ಮಾಮಾ, ಅದನ್ನ ಯಾವ ಕೋರ್ಟು ನಂಬತದ?" ಎಂದು ನಿನ್ನ ಮಗ ಹೋಳಿಗೆ ಮುರಿಯುತ್ತ ಹೇಳಿದ. ನಿನ್ನ ಕೈ ತುಪ್ಪದ ಗಿಂಡಿಯ ಮೇಲೆ ಇತ್ತು. ನೀನು ಅವನಿಗೆ ತುಪ್ಪ ಹಾಕಿದೆ. ನನಗೂ ಹಾಕಿದೆ. ನಿನ್ನ ಮುಖ ನೋಡಲು ನನಗೆ ಧೈರ್ಯ ಆಗಲಿಲ್ಲ.

ಬಸ್ಸಿನವರೆಗೆ ನೀನೊಬ್ಬಳೇ ಬಂದೆ. ದೂರದಿಂದ ಬಸ್ಸು ಬರುವಾಗ ನೀನು, "ಹುಬ್ಬಳ್ಳಿ ಅಂತ ಬೋರ್ಡ್ ಅದ ನೋಡಣ್ಣಾ, ನಿಂದ ಬಸ್ಸು" ಎಂದೆ. ನನಗಿನ್ನೂ ಅದು ಬಸ್ಸೋ ಲಾರಿಯೋ ಗೊತ್ತಾಗಿರಲಿಲ್ಲ.

"ನಿನಗ ಕಾಣಸ್ತದೇನ?"

"ಪೊರಿ ತಗದ ಮ್ಯಾಲ ಎಲ್ಲಾ ಕಾಣಸ್ತದ. ಪೇಪರೂ ಓದತೀನಿ. ಸುಮಂಗಲಾನ ಕಾಟ ತಪ್ಪೇತಿ" ಎಂದು ನೀನು ನಕ್ಕೆ. ಆಮೇಲೆ ನಗು ನಿಲ್ಲಿಸಿ, "ಅಣ್ಣಾ, ನನ್ನ ಏನರ ಕೇಳೂದಿತ್ತೇನ?" ಎಂದೆ.

"ಏನಿಲ್ಲ ಬೇ. ನಿನ್ನ ನೋಡಿ ಹೋಗೂಣು ಅಂತ ಬಂದಿದ್ದೆ" ಎಂದೆ. ಬಸ್ಸು ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದಾಗ ನೀನು ಇನ್ನೂ ಅಲ್ಲೇ ನಿಂತಿದ್ದೆ.


6 ಅಕ್ಟೋಬರ್, ಸೋಮವಾರ

ಬೆಳಿಗ್ಗೆ ಸವಿತಾ ರೊಟ್ಟಿ ಬಡಿಯುತ್ತಿದ್ದಳು. ನಾನು ಒಲೆಯ ಬಾಜು ಕೂತು, ಅತ್ತೆಯನ್ನು ಕೇಳಬೇಕೆಂದಿದ್ದೇನೆ ಎಂದೆ. ಅವಳಿಗೆ ನಿನ್ನ ವಿಷಯ ಗೊತ್ತಿತ್ತಂತೆ. ಸಣ್ಣವಳಿದ್ದಾಗಲೇ ಅವ್ವನಿಂದ ಕೇಳಿದ್ದಳಂತೆ, ಎಂದೂ ಬಾಯಿ ಬಿಟ್ಟಿರಲಿಲ್ಲ.

"ಬ್ಯಾಡ ದೊಡ್ಡಪ್ಪಾ" ಎಂದಳು. "ನನಗ ಹೆಂಡತಿ ಅನ್ನಿಸ್ಲಿಕ್ಕ ಹೋಗಿ ಅತ್ತಿನ ಮಕ್ಕಳ ಮುಂದ ಅಕೀನ ಕಟಕಟಿ ಹತ್ತಸೂದು ಬ್ಯಾಡ. ಇವತ್ತ ನನ್ನ ಕೇಳಿದ್ದು ನಾಳೆ ಅಕೀನ ಕೇಳ್ತಾರ. ಹೆಂಡತಿ ಹೌದೋ ಅಲ್ಲೋ ಅಂತ."

ರೊಟ್ಟಿ ತಿರುವಿ ಹಾಕಿ ಮತ್ತೆ ಹೇಳಿದಳು, "ಆದ್ರ ಅಕೀನ ಕೇಳದನ ಬ್ಯಾಡ ಅಂತ ನಾ ಹೇಳೂದೂ ಸರಿ ಅಲ್ಲ. ಅವತ್ತ ನನ್ನ ಯಾರೂ ಕೇಳಲಿಲ್ಲ. ಕೇಳಿದ್ರೂ ಬಿಡಸ್ರಿ ಅಂತಿದ್ದೆ. ಆದ್ರೂ ಕೇಳಬೇಕಾಗಿತ್ತು."

ಅದಕ್ಕೇ, ಮೈಲಾರವ್ವಾ, ಇಲ್ಲಿಂದ ಮುಂದಿನದನ್ನು ಡೈರಿಯಲ್ಲಿ ಬಿಡದೆ ಬೇರೆ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇಳಿಸುತ್ತಿದ್ದೇನೆ, ರಸ್ತೆಯ ಕಲ್ಲಿನ ಮೇಲಿನ ಅಕ್ಷರದಷ್ಟು. ನೀನೇ ಓದು. ಯಾರ ಕೈಯಲ್ಲೂ ಓದಿಸಬೇಡ.

ಬಸ್ ಸ್ಟ್ಯಾಂಡಿನಲ್ಲಿ ನೀನು ಕೇಳಿದಾಗ ಏನೂ ಇಲ್ಲ ಎಂದೆ. ಇತ್ತು. ಇದೇ ಹದಿನೈದಕ್ಕೆ, ಬುಧವಾರ, ಕುಂದಗೋಳ ಕೋರ್ಟಿನಲ್ಲಿ ಸವಿತಾಳ ಕೇಸಿನ ಕಡೆಯ ಸಾಕ್ಷಿ. ನಿನ್ನ ಸೋಡಚೀಟಿಯ ಮಾತನ್ನು ನೀನು ಹೇಳಿದರೆ ಅವಳಿಗೆ ನಿಲ್ಲಲು ಸ್ವಲ್ಪ ನೆಲ ಸಿಗಬಹುದು, ಸಿಗದೆಯೂ ಇರಬಹುದು. ಹೇಳಿದರೆ ನಿನ್ನ ಮನೆಯಲ್ಲಿ ಏನಾಗುತ್ತದೋ ನನಗೆ ತಿಳಿಯದು. ಬಾ ಎಂದು ಹೇಳಲು ನನಗೆ ಬಾಯಿಲ್ಲ. ಬೇಡ ಎಂದು ಹೇಳುವುದೂ ನನ್ನ ಕೆಲಸ ಅಲ್ಲವೆಂದು ಕಾಣುತ್ತದೆ. ನೀನು ಏನು ಮಾಡಿದರೂ ನಿನ್ನ ಅಣ್ಣನ ಮನೆಯ ಬಾಗಿಲು ಹಾಗೆಯೇ ತೆರೆದಿರುತ್ತದೆ, ಸವಿತಾ ಹಾಕುವ ರೊಟ್ಟಿ ಹಾಗೆಯೇ ಬಿಸಿ ಇರುತ್ತದೆ.

ಅಪ್ಪ, ನಾನು, ಅವರ ಕಡೆಯವರು ಕೂತು ನಿನ್ನನ್ನು ಬಿಡಿಸಿದ ದಿವಸ ನೀನು ಒಳಗೆ ಇದ್ದೆ, ಕದದ ಹಿಂದೆ. ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ನಿನ್ನ ಮುಖ ನೆನಪು ಮಾಡಿಕೊಳ್ಳಲು ನೋಡುತ್ತೇನೆ, ಬರುವುದಿಲ್ಲ. ನಿನಗೆ ಆಗ ಏನು ಬೇಕಾಗಿತ್ತು? ಈಗ ಏನು ಬೇಕು? ಎರಡನ್ನೂ ಬರೆ. ತಾರೀಕಿನೊಳಗೆ ಮುಟ್ಟುತ್ತದೋ ಇಲ್ಲವೋ, ನಮ್ಮ ಪೋಸ್ಟಿನ ಗತಿ ನಿನಗೆ ಗೊತ್ತು. ಮುಟ್ಟದಿದ್ದರೂ ಬರೆ.

ಕೃಷ್ಣಾ, ಸುನೀತಾ, ಸುಮಂಗಲಾ, ನಿಮ್ಮ ಮನೆಯವರು, ಎಲ್ಲರಿಗೂ ನನ್ನ ಆಶೀರ್ವಾದ ತಿಳಿಸು. ಕಾಗದದಲ್ಲಿ ಏನಿತ್ತೆಂದು ಕೇಳಿದರೆ ಉಳ್ಳಾಗಡ್ಡಿ ಕೊಳೆತದ್ದನ್ನು ಹೇಳು. ನಾಳೆ ಸಂಶಿಗೆ ಹೋಗಿ ನಾನೇ ಪೋಸ್ಟಿಗೆ ಹಾಕುತ್ತೇನೆ. ಉತ್ತರವನ್ನು ನಿನ್ನ ಕೈಯಿಂದಲೇ ಬರೆ, ನಿನ್ನ ಅಕ್ಷರ ನನಗೆ ಗುರುತಿದೆ. ಎರಡೇ ಸಾಲಾದರೂ ಸಾಕು. ಬೇಗ ಬರೆ, ತಂಗಿ.

ನಿನ್ನ ಅಣ್ಣ
ಹೊಳೆಯಪ್ಪ